ಬೆಂಗಳೂರಿನ ಎಂಯುಎನ್ನೋ, ಊರಿನ ಕಾಫಿ ಮಂಡಳಿಯೋ? ಕೊಡಗಿನ ಮಕ್ಕಳಿಗೆ ಯಾವ ಅಣಕು ಸಭೆ ಸರಿ

ಮಳೆ ಸ್ವಲ್ಪ ಹೊಳವಾಗುತ್ತಿದ್ದ ಹಾಗೆ ನನಗೆ ಒಂದೇ ಥರದ ಫೋನ್‌ಗಳು ಶುರುವಾಗುತ್ತವೆ. "ಮೇಡಂ, ಬೆಂಗಳೂರಲ್ಲಿ ಎಂಯುಎನ್ ಇದೆಯಂತೆ. ಮಗಳು ಹೋಗ್ಲೇಬೇಕು ಅಂತಿದ್ದಾಳೆ. ಕಳಿಸ್ಬಹುದಾ?" ವಿರಾಜಪೇಟೆಯಿಂದ, ಗೋಣಿಕೊಪ್ಪದಿಂದ, ಸೋಮವಾರಪೇಟೆಯಿಂದ. ಎಂಯುಎನ್ ಅಂದರೆ ಮಕ್ಕಳು ಒಂದೊಂದು ದೇಶದ ಪರವಾಗಿ ಕೂತು ನಡೆಸುವ ಅಣಕು ವಿಶ್ವಸಂಸ್ಥೆ. ಕೇಳುವವರಲ್ಲಿ ಅರ್ಧ ಜನ ಅದನ್ನು ಇಂಗ್ಲಿಷ್ ಭಾಷಣ ಸ್ಪರ್ಧೆ ಅಂದುಕೊಂಡಿರುತ್ತಾರೆ. ಇನ್ನರ್ಧ ಜನಕ್ಕೆ ಅದು ಕಾಲೇಜು ಅರ್ಜಿಗೆ ಅಂಟಿಸುವ ಒಂದು ಸರ್ಟಿಫಿಕೇಟು.

ನಾನು ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುವವಳು. ಚರ್ಚೆ, ಅಣಕು ಸಂಸತ್ತು, ಅಣಕು ವಿಶ್ವಸಂಸ್ಥೆ ಅಂತ ಮಕ್ಕಳನ್ನು ಕಟ್ಟಿಕೊಂಡು ಸಾಕಷ್ಟು ಬಸ್ಸು ಹತ್ತಿದ್ದೇನೆ. ಹಾಗಾಗಿ ಹೌದು, ಅಲ್ಲ ಅಂತ ಉತ್ತರ ಕೊಡುವ ಮೊದಲು ಒಂದು ಮಾತು ಕೇಳುತ್ತೇನೆ. ಮಗುವಿಗೆ ಏನು ಬರಬೇಕು ನಿಮಗೆ? ಮೈಕಿನ ಮುಂದೆ ಕಾಲು ನಡುಗದಿರಬೇಕೋ? ನಮ್ಮ ಸಂಸತ್ತು ಹೇಗೆ ನಡೆಯುತ್ತದೆಂದು ತಿಳಿಯಬೇಕೋ? ಅಥವಾ ದೇಶ ದೇಶಗಳು ಒಬ್ಬರನ್ನೊಬ್ಬರು ಹೇಗೆ ಒಪ್ಪಿಸಿಕೊಳ್ಳುತ್ತವೆ ಅನ್ನುವುದು ಅರ್ಥವಾಗಬೇಕೋ? ಈ ಮೂರೂ ಒಂದೇ ಅಲ್ಲ. ಒಂದೊಂದಕ್ಕೆ ಒಂದೊಂದು ಸಭೆ ಇದೆ.

ಈ ಬರಹ ಮುಖ್ಯವಾಗಿ ಮೂರನೆಯದನ್ನು ಬಯಸುವವರಿಗೆ. ನನ್ನ ಅಳತೆಗೋಲು ಒಂದೇ: ಮಗು ತನಗೆ ಒಪ್ಪಿಗೆಯಿಲ್ಲದ ಮಾತನ್ನು ಇನ್ನೊಂದು ದೇಶದ ಪರವಾಗಿ ಆಡಬೇಕಾಗಿ ಬರುತ್ತದೆಯೇ? ಅದು ಬರದ ಕಡೆ ರಾಜತಾಂತ್ರಿಕತೆ ಕಲಿಯಲು ಆಗುವುದಿಲ್ಲ.

ಪರ-ವಿರೋಧದ ಚರ್ಚಾಸ್ಪರ್ಧೆ

ಇದು ಎಲ್ಲರಿಗೂ ಗೊತ್ತಿರುವುದೇ. ಪ್ರತಿಭಾ ಕಾರಂಜಿಯಿಂದ ಹಿಡಿದು ಕಾಲೇಜಿನ ಪಾರಿತೋಷಕದವರೆಗೆ ಇದರದ್ದೇ ರಾಜ್ಯ. ಖರ್ಚಿಲ್ಲ, ಕನ್ನಡದಲ್ಲೇ ನಡೆಯುತ್ತದೆ, ಐದು ನಿಮಿಷದಲ್ಲಿ ಮುಗಿಯುತ್ತದೆ. ಮೈಕಿನ ಭಯ ಬಿಡಿಸಲು ಇದಕ್ಕಿಂತ ಒಳ್ಳೆಯ ಔಷಧಿ ಇಲ್ಲ.

ಆದರೆ ಇಲ್ಲಿ ಎರಡೇ ಉತ್ತರ. ಪರ ಇಲ್ಲವೇ ವಿರೋಧ. ದೇಶಗಳ ನಡುವೆ ಮೂರನೆಯ ಉತ್ತರವೊಂದಿದೆ, ಅದೇ ಎಷ್ಟೋ ಸಲ ಮುಖ್ಯ. 2022ರ ಮಾರ್ಚ್ 2ರಂದು ಉಕ್ರೇನ್ ವಿಷಯದಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಮತಕ್ಕೆ ಹಾಕಿತು. 141 ದೇಶ ಪರ, 5 ವಿರೋಧ, 35 ತಟಸ್ಥ. ಆ 35ರಲ್ಲಿ ಭಾರತವೂ ಒಂದು. ಚರ್ಚಾಸ್ಪರ್ಧೆಯಲ್ಲಿ ಎದ್ದು ನಿಂತು "ನಾನು ತಟಸ್ಥ" ಅಂದರೆ ತೀರ್ಪುಗಾರರು ಸೊನ್ನೆ ಕೊಡುತ್ತಾರೆ. ಆ ದಿನ ಭಾರತ ಯಾಕೆ ಹಾಗೆ ಮಾಡಿತು, ಅದರಿಂದ ಏನು ಉಳಿಯಿತು, ಏನು ಕಳೆಯಿತು ಅಂತ ಮಾತಾಡಲು ಐದು ನಿಮಿಷದ ಕಂಠಪಾಠದಲ್ಲಿ ಜಾಗವೇ ಇಲ್ಲ.

ಎಂಟು, ಒಂಬತ್ತನೇ ತರಗತಿಯವರು ಇಲ್ಲಿಂದ ಶುರು ಮಾಡಲಿ. ಇಲ್ಲೇ ನಿಲ್ಲುವುದು ಬೇಡ.

ಯುವ ಸಂಸತ್ತು

ಇದಕ್ಕೆ ನಮ್ಮಲ್ಲಿ ಒಳ್ಳೆಯ ಪರಂಪರೆ ಇದೆ. ಕೇಂದ್ರ ಸರ್ಕಾರ 1966-67ರಲ್ಲಿ ದೆಹಲಿಯ ಶಾಲೆಗಳಲ್ಲಿ ಶುರು ಮಾಡಿದ ಯೋಜನೆ ಇದು. ನಮ್ಮ ರಾಜ್ಯದಲ್ಲೂ ಹೈಸ್ಕೂಲು, ಪಿಯು ಮಕ್ಕಳಿಗೆ ಯುವ ಸಂಸತ್ ಸ್ಪರ್ಧೆ ನಡೆಯುತ್ತದೆ. ಒಬ್ಬಳು ಸ್ಪೀಕರ್, ಒಬ್ಬ ಪ್ರಧಾನಿ, ಆಚೆ ಬದಿ ವಿರೋಧ ಪಕ್ಷ. ಪ್ರಶ್ನೋತ್ತರ ವೇಳೆ, ಶೂನ್ಯ ವೇಳೆ, ಗದ್ದಲ, ಸಭಾತ್ಯಾಗ. ಮಕ್ಕಳಿಗೆ ಸಭಾತ್ಯಾಗ ಅಂದರೆ ಪ್ರಾಣ.

ಸರ್ಕಾರಿ ಶಾಲೆಯ ಮಕ್ಕಳಿಗೆ ಇದು ನಿಜವಾಗಿಯೂ ಕೈಗೆಟಕುವ ವೇದಿಕೆ. ಕನ್ನಡ, ತಂಡದ ಕೆಲಸ, ದುಡ್ಡಿಲ್ಲ. ಕೊರತೆ ಏನೆಂದರೆ ಹೆಚ್ಚಿನ ಕಡೆ ಇದು ಬರೆದಿಟ್ಟ ನಾಟಕ. ಪ್ರಶ್ನೆ ಯಾರು ಕೇಳುತ್ತಾರೆ, ಉತ್ತರ ಯಾರು ಕೊಡುತ್ತಾರೆ, ಗದ್ದಲ ಯಾವಾಗ ಏಳಬೇಕು, ಎಲ್ಲವೂ ಮೊದಲೇ ಗೊತ್ತು. ವಿದೇಶ ವ್ಯವಹಾರ ಬರುವುದು ಒಂದೇ ಪ್ರಶ್ನೆಯಾಗಿ. ವಿದೇಶಾಂಗ ಸಚಿವರು ಚೀಟಿ ನೋಡಿ ಓದುತ್ತಾರೆ, ಕೂರುತ್ತಾರೆ, ಅಷ್ಟೇ. ಎಲ್ಲರೂ ಭಾರತದವರೇ ಆಗಿರುವ ಸಭೆಯಲ್ಲಿ ಬೇರೆ ದೇಶದ ಮಾತು ಆಡುವವರು ಯಾರು?

ಬೆಂಗಳೂರು, ಮೈಸೂರಿನ ದೊಡ್ಡ ಎಂಯುಎನ್

ಮಾಡೆಲ್ ಯುನೈಟೆಡ್ ನೇಷನ್ಸ್, ಅಂದರೆ ಅಣಕು ವಿಶ್ವಸಂಸ್ಥೆ. ಈ ಆಟ ವಿಶ್ವಸಂಸ್ಥೆಗಿಂತಲೂ ಹಳೆಯದು. 1920ರ ದಶಕದಲ್ಲೇ ಅಮೆರಿಕದ ಕಾಲೇಜುಗಳಲ್ಲಿ, ವಿಶ್ವಸಂಸ್ಥೆಗೆ ಮೊದಲಿದ್ದ ಲೀಗ್ ಆಫ್ ನೇಷನ್ಸ್‌ನ ಅಣಕು ಸಭೆ ನಡೆಸುತ್ತಿದ್ದರು. 1945ರಲ್ಲಿ ವಿಶ್ವಸಂಸ್ಥೆ ಬಂದ ಮೇಲೆ ಹೆಸರು ಬದಲಾಯಿತು.

ನಡೆಯುವ ರೀತಿ ಹೀಗೆ. ಹೆಸರು ನೋಂದಾಯಿಸಿದ ಮೇಲೆ ನಿಮಗೊಂದು ಸಮಿತಿ, ಒಂದು ದೇಶ ಕೊಡುತ್ತಾರೆ. ಅಲ್ಲಿಂದ ಮುಂದೆ ನೀವು ಆ ದೇಶದ ಡೆಲಿಗೇಟ್, ಅಂದರೆ ಪ್ರತಿನಿಧಿ. "ನಾನು" ಅನ್ನುವ ಹಾಗಿಲ್ಲ, "ಕೆನ್ಯಾದ ನಿಲುವು ಏನೆಂದರೆ" ಅನ್ನಬೇಕು. ಮೊದಲೇ ಆ ದೇಶದ ನಿಲುವು ಹೇಳುವ ಒಂದೆರಡು ಪುಟದ ಪೊಸಿಷನ್ ಪೇಪರ್ ಬರೆದು ಕಳಿಸಬೇಕು. ಸಭೆಯ ದಿನ ಹಾಜರಿ ಕರೆಯುವಾಗಲೇ ಒಂದು ಸೂಕ್ಷ್ಮ ಇದೆ. "ಪ್ರೆಸೆಂಟ್" ಅಂದರೆ ಮುಂದೆ ಕರಡು ನಿರ್ಣಯಕ್ಕೆ ಮತ ಹಾಕುವಾಗ ತಟಸ್ಥರಾಗಿ ಉಳಿಯಬಹುದು. "ಪ್ರೆಸೆಂಟ್ ಅಂಡ್ ವೋಟಿಂಗ್" ಅಂದರೆ ಹೌದು ಅಥವಾ ಇಲ್ಲ ಅನ್ನಲೇಬೇಕು, ಆ ಬಾಗಿಲು ಮುಚ್ಚಿತು. ಹೊಸಬರು ಎರಡನೆಯದು ಗತ್ತಾಗಿ ಕೇಳುತ್ತದೆಂದು ಅದನ್ನೇ ಹೇಳಿಬಿಡುತ್ತಾರೆ, ಆಮೇಲೆ ಪೇಚಾಡುತ್ತಾರೆ.

ಆಮೇಲೆ ಭಾಷಣದ ಪಟ್ಟಿ. ನಂತರ ಮಾಡರೇಟೆಡ್ ಕಾಕಸ್, ಅಂದರೆ ಒಂದು ಸಣ್ಣ ವಿಷಯ ಹಿಡಿದು ಚೇರ್ (ಸಭೆ ನಡೆಸುವ ಅಧ್ಯಕ್ಷರು) ಹೆಸರು ಕರೆದಂತೆ ಅರ್ಧ, ಒಂದು ನಿಮಿಷ ಮಾತಾಡುವುದು. ಅದಾದ ಮೇಲೆ ಅನ್‌ಮಾಡರೇಟೆಡ್ ಕಾಕಸ್. ಎಲ್ಲರೂ ಕುರ್ಚಿ ಬಿಟ್ಟು ಎದ್ದು ಗುಂಪು ಗುಂಪಾಗಿ ನಿಲ್ಲುತ್ತಾರೆ. ನೋಡುವವರಿಗೆ ಮದುವೆ ಮನೆಯ ಹಾಗೆ ಕಾಣುತ್ತದೆ. ನಿಜವಾದ ಕೆಲಸ ಆಗುವುದು ಇಲ್ಲೇ. ಕರಡು ನಿರ್ಣಯದ ಸಾಲು ಬರೆಯುವುದು, "ನಿಮ್ಮ ಈ ಕಲಂ ಸೇರಿಸುತ್ತೇವೆ, ನಮ್ಮ ಆ ಕಲಂಗೆ ಸಹಿ ಹಾಕಿ" ಅಂತ ಕೊಡು-ಕೊಳ್ಳು ಮಾಡುವುದು. ಕೊನೆಗೆ ತಿದ್ದುಪಡಿ, ಮತ.

ಇದು ಒಳ್ಳೆಯ ಶಾಲೆ, ಅನುಮಾನವಿಲ್ಲ. ನನ್ನ ಅಳತೆಗೋಲಿಗೂ ಸರಿಯಾಗಿ ಕೂರುತ್ತದೆ. ಹಾಗಾದರೆ ಕಳಿಸಲು ಯಾಕೆ ಹಿಂದೆ ಮುಂದೆ ನೋಡುತ್ತೇನೆ?

ಒಂದು ವರ್ಷ ಆರು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ನಮ್ಮದು ರೈಲಿಲ್ಲದ ಜಿಲ್ಲೆ. ಮಡಿಕೇರಿಯಿಂದ ರಾತ್ರಿ ಬಸ್ಸು, ಬೆಳಗ್ಗೆ ಬೆಂಗಳೂರು, ಯಾರದೋ ಮನೆಯಲ್ಲಿ ಸ್ನಾನ, ನೇರ ಸಭೆ. ಅವರಲ್ಲಿ ತುಂಬ ಚುರುಕಿನ ಹುಡುಗಿಯೊಬ್ಬಳಿಗೆ ದೊಡ್ಡ ಸಮಿತಿ, ಸಣ್ಣ ದ್ವೀಪ ದೇಶ ಸಿಕ್ಕಿತ್ತು. ಹಾಲ್‌ನಲ್ಲಿ ನೂರಕ್ಕೂ ಜಾಸ್ತಿ ಮಕ್ಕಳು. ದೇಶದ ಹೆಸರಿನ ಪ್ಲಕಾರ್ಡ್ ಎತ್ತಿ ಎತ್ತಿ ಕೈ ಸೋತಿತು. ಚೇರ್ ಪರಿಚಯದ ಮುಖಗಳನ್ನೇ ಕರೆಯುತ್ತಿದ್ದರು. ಎರಡು ದಿನದಲ್ಲಿ ಅವಳಿಗೆ ಸಿಕ್ಕಿದ್ದು ಒಂದೂವರೆ ನಿಮಿಷ. ಅದರಲ್ಲೂ ಇಂಗ್ಲಿಷ್ ಹುಡುಕುವುದರಲ್ಲಿ ಅರ್ಧ ನಿಮಿಷ ಹೋಯಿತು. (1957ರಲ್ಲಿ ಭಾರತದ ಪರವಾಗಿ ಕೃಷ್ಣ ಮೆನನ್ ಭದ್ರತಾ ಮಂಡಳಿಯಲ್ಲಿ ಕಾಶ್ಮೀರದ ಬಗ್ಗೆ ಸುಮಾರು ಎಂಟು ಗಂಟೆ ಮಾತಾಡಿದ ಕತೆಯನ್ನು ನಾನೇ ಅವಳಿಗೆ ಹೇಳಿ ಹುರಿದುಂಬಿಸಿದ್ದೆ. ನೆನೆದರೆ ಈಗಲೂ ನಾಚಿಕೆ.) ವಾಪಸ್ ಬರುವಾಗ ಕುಶಾಲನಗರದವರೆಗೂ ಅವಳು ಮಾತಾಡಲಿಲ್ಲ. ತಪ್ಪು ಅವರದ್ದಕ್ಕಿಂತ ನನ್ನದೇ ಜಾಸ್ತಿ. ಈಜು ಬರದವಳನ್ನು ನೇರವಾಗಿ ಹೊಳೆಗೆ ಇಳಿಸಿದ್ದೆ.

ಹಾಗಂತ ದೊಡ್ಡ ಸಭೆ ಬೇಡವೇ ಬೇಡ ಅನ್ನುವುದಿಲ್ಲ. ಹೋಗುವುದಾದರೆ ಸಮಿತಿಯನ್ನು ನೋಡಿ ಆರಿಸಿ. ಕಾಲೇಜಿನ ಹೆಸರಿಗಿಂತ, ಊಟದ ವ್ಯವಸ್ಥೆಗಿಂತ ಇದು ಮುಖ್ಯ.

ಸಾಮಾನ್ಯ ಸಭೆಯಲ್ಲಿ ನಿಜಕ್ಕೂ 193 ದೇಶಗಳಿವೆ, ಅಣಕಿನಲ್ಲೂ ಅದೇ ಅತಿ ದೊಡ್ಡ ಗುಂಪು. "ಹೊಸಬರಿಗೆ ಸಾಮಾನ್ಯ ಸಭೆ" ಅಂತ ಎಲ್ಲರೂ ಹೇಳುತ್ತಾರೆ, ಮರೆಯಲ್ಲಿ ಕೂರಬಹುದು ಅನ್ನುವ ಕಾರಣಕ್ಕೆ. ನನಗೆ ಅದು ಒಪ್ಪಿಗೆಯಿಲ್ಲ. ಅಷ್ಟು ದೂರ ಹೋಗಿ ಮರೆಯಲ್ಲಿ ಕೂರುವುದು ಯಾಕೆ? ಮಾನವ ಹಕ್ಕುಗಳ ಮಂಡಳಿಯಲ್ಲಿ 47 ದೇಶ. ಮಧ್ಯಮ ಗಾತ್ರ, ವಿಷಯವೂ ಮನುಷ್ಯರದ್ದು. ಮೊದಲ ಸಲಕ್ಕೆ ಅದು ವಾಸಿ.

ಭದ್ರತಾ ಮಂಡಳಿಯ ರುಚಿಯೇ ಬೇರೆ. ಹದಿನೈದೇ ಕುರ್ಚಿ. ಚೀನಾ, ಫ್ರಾನ್ಸ್, ರಷ್ಯಾ, ಬ್ರಿಟನ್, ಅಮೆರಿಕ ಈ ಐದಕ್ಕೆ ವೀಟೊ, ಅಂದರೆ ಒಬ್ಬರೇ ನಿರ್ಣಯ ತಡೆಯುವ ಅಧಿಕಾರ. ಉಳಿದ ಹತ್ತು ದೇಶ ಎರಡು ವರ್ಷಕ್ಕೆ ಆರಿಸಿ ಬರುವವು. ನಿರ್ಣಯ ಗೆಲ್ಲಲು 9 ಮತ ಬೇಕು, ಐವರಲ್ಲಿ ಯಾರೂ ಅಡ್ಡ ಬರಬಾರದು. ಸಾಮಾನ್ಯ ಸಭೆಯ ನಿರ್ಣಯ ಹೆಚ್ಚಾಗಿ ಸಲಹೆ ಮಾತ್ರ, ಮಂಡಳಿಯ ತೀರ್ಮಾನಕ್ಕೆ ಎಲ್ಲ ಸದಸ್ಯ ದೇಶಗಳೂ ಬದ್ಧ. ವೀಟೊ ಅಂದರೆ ಅನ್ಯಾಯ ಅಂತಲೇ ಮಕ್ಕಳು ಬರುತ್ತಾರೆ. ಅವರಿಗೆ 1961ರ ಡಿಸೆಂಬರ್ ಹೇಳಿ. ಪೋರ್ಚುಗೀಸರ ಕೈಯಲ್ಲಿದ್ದ ಗೋವಾಕ್ಕೆ ಭಾರತದ ಸೇನೆ ನುಗ್ಗಿದಾಗ ಕದನ ನಿಲ್ಲಿಸಿ ವಾಪಸ್ ಹೋಗಿ ಅನ್ನುವ ನಿರ್ಣಯಕ್ಕೆ 7 ಮತ ಪರವಾಗಿ ಬಿತ್ತು, 4 ವಿರುದ್ಧ. ಆಗ ಮಂಡಳಿಯಲ್ಲಿ ಹನ್ನೊಂದೇ ಕುರ್ಚಿ, ಗೆಲ್ಲಲು 7 ಮತ ಸಾಕಿತ್ತು. ಆದರೂ ಅದನ್ನು ತಡೆದದ್ದು ಸೋವಿಯತ್ ಒಕ್ಕೂಟದ ವೀಟೊ. ಯಾರ ಕೈಯಲ್ಲಿದೆ ಅನ್ನುವುದರ ಮೇಲೆ ಅನ್ಯಾಯದ ಬಣ್ಣ ಬದಲಾಗುತ್ತದೆ ಅಂತ ಹದಿನಾರರ ಮಗುವಿಗೆ ಅರ್ಥವಾಗಲು ಇದಕ್ಕಿಂತ ಒಳ್ಳೆಯ ಪಾಠ ಬೇಡ.

ಕ್ರೈಸಿಸ್ ಕಮಿಟಿ ಅಂತ ಒಂದಿದೆ. ಗಳಿಗೆಗೊಂದು ಸುದ್ದಿ ಬಂದು ಬೀಳುತ್ತದೆ, ಚೀಟಿ ಹಾರಾಡುತ್ತದೆ. ಎರಡು ಮೂರು ಸಭೆ ಕಂಡವರಿಗೆ ಮಾತ್ರ. ಇನ್ನು ಸರ್ವಪಕ್ಷ ಸಭೆ ಅಂತ ನಮ್ಮ ದೇಶದ ಎಂಯುಎನ್‌ಗಳಲ್ಲಿ ಬಲು ಜನಪ್ರಿಯವಾದ ಒಂದು ಸಮಿತಿ ಇದೆ. ಟಿವಿ ಚರ್ಚೆಯ ಗಲಾಟೆ ಬೇಕಿದ್ದರೆ ಹೋಗಿ. ಅದಕ್ಕೂ ವಿದೇಶ ವ್ಯವಹಾರಕ್ಕೂ ಸಂಬಂಧವಿಲ್ಲ.

ಖರ್ಚು? ನೋಂದಣಿಗೆ ತಲೆಗೆ ಸಾವಿರದ ಲೆಕ್ಕ, ಮೇಲೆ ಬಸ್ಸು, ವಸತಿ, ಕೋಟು. ಕೋಟಿನ ಬಗ್ಗೆ ಒಂದು ಮಾತು. ಭಾರತದ ಡೆಲಿಗೇಟ್ ಆಗಿರಲಿ ಘಾನಾದವರಾಗಿರಲಿ, ನಮ್ಮ ಹುಡುಗಿಯರು ಕೊಡವ ಸೀರೆಯಲ್ಲಿ ಹೋದರೂ ನಡೆಯುತ್ತದೆ. ಹೆಚ್ಚಿನ ಕಡೆ ಔಪಚಾರಿಕ ಉಡುಪು ಅಂದರೆ ಭಾರತೀಯ ಉಡುಪೂ ಸೇರುತ್ತದೆ. ಕೋಟು ಹೊಲಿಸಲು ಸಾಲ ಮಾಡಬೇಡಿ.

"ಹೆಣ್ಣುಮಗುವನ್ನು ಅಷ್ಟು ದೂರ ಇದಕ್ಕೆಲ್ಲ ಯಾಕೆ" ಅನ್ನುವವರೂ ಇದ್ದಾರೆ. ಅವರಿಗೆ ನಾನು ವಿರಾಜಪೇಟೆಯಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮನವರ ಹೆಸರು ಹೇಳುತ್ತೇನೆ. ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ ಅವರು, 1949ರಲ್ಲಿ. ಮದುವೆಯಾಗಬೇಕಾದರೆ ಹೆಣ್ಣು ಅಧಿಕಾರಿ ಸರ್ಕಾರದ ಅನುಮತಿ ಕೇಳಬೇಕು ಅನ್ನುವ ನಿಯಮ ಇದ್ದ ಕಾಲ. ಬಡ್ತಿ ಕೊಡದಿದ್ದಾಗ ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ನಿಯಮಗಳನ್ನು ಕಟುವಾಗಿ ಟೀಕಿಸಿದರು. ಈ ಊರಿನವರಿಗೆ ಈ ಕೆಲಸ ದೂರದ್ದಲ್ಲ.

ಊರಲ್ಲೇ, ಒಂದೇ ವಿಷಯ, ಹದಿನೈದು ಮಕ್ಕಳು

ನಾಲ್ಕನೆಯದು ನಾನು ಹೆಚ್ಚಾಗಿ ಸೂಚಿಸುವುದು. ಇದಕ್ಕೆ ಕಂಪನಿ ಇಲ್ಲ, ಲೋಗೊ ಇಲ್ಲ. ಒಂದು ಕೊಠಡಿ, ಬಾರಿಸಲು ಒಂದು ಗಂಟೆ, ರಟ್ಟಿನಲ್ಲಿ ಬರೆದ ದೇಶದ ಹೆಸರುಗಳು, ಮೂರು ವಾರದ ತಯಾರಿ. ಆದರೆ ವಿಷಯ ಸರಿಯಾಗಿ ಆರಿಸಿದರೆ ಬೆಂಗಳೂರಿನ ಸಭೆಯಲ್ಲಿ ಸಿಗದ್ದು ಇಲ್ಲಿ ಸಿಗುತ್ತದೆ. ಯಾಕೆಂದರೆ ಮಗುವಿಗೆ ಆ ವಿಷಯ ಮನೆಯಲ್ಲೇ ಗೊತ್ತು. ಗೊತ್ತಿರುವುದನ್ನೇ ಎದುರಾಳಿಯ ಬಾಯಲ್ಲಿ ಆಡಬೇಕಾಗುತ್ತದೆ.

ನಮ್ಮ ಅಣಕು ಕಾಫಿ ಮಂಡಳಿಯ ಕತೆ ಕೇಳಿ. ಲಂಡನ್ನಿನಲ್ಲಿ ಅಂತಾರಾಷ್ಟ್ರೀಯ ಕಾಫಿ ಸಂಸ್ಥೆ ಇದೆ, 1963ರಲ್ಲಿ ಶುರುವಾದದ್ದು. ಅಲ್ಲಿನ ಮತದ ಲೆಕ್ಕ ಸೊಗಸಾಗಿದೆ. ರಫ್ತು ಮಾಡುವ ದೇಶಗಳಿಗೆಲ್ಲ ಸೇರಿ 1000 ಮತ, ಆಮದು ಮಾಡುವ ದೇಶಗಳಿಗೆಲ್ಲ ಸೇರಿ 1000 ಮತ. ಎರಡೂ ಬದಿಯ ಮತವನ್ನು ಬೇರೆ ಬೇರೆ ಎಣಿಸುತ್ತಾರೆ. ಬೆಳೆಯುವವರು ಎಷ್ಟೇ ಒಗ್ಗಟ್ಟಾದರೂ ಕುಡಿಯುವವರು ಒಪ್ಪದೆ ನಡೆಯಲ್ಲ. ಈ ಒಂದು ನಿಯಮ ಇಟ್ಟುಕೊಂಡರೆ ಸಾಕು, ಸಭೆ ತಾನಾಗಿಯೇ ಸಂಧಾನಕ್ಕೆ ಇಳಿಯುತ್ತದೆ.

ನಾವು ಹಿಡಿದ ವಿಷಯ 1989. ಅಲ್ಲಿಯವರೆಗೆ ಯಾವ ದೇಶ ಎಷ್ಟು ಕಾಫಿ ಮಾರಬೇಕು ಅಂತ ಕೋಟಾ ಇತ್ತು. ಆ ವರ್ಷದ ಜುಲೈನಲ್ಲಿ ಕೋಟಾ ಬಿದ್ದುಹೋಯಿತು, ಬೆಲೆ ನೆಲ ಕಚ್ಚಿತು. ಆಗಿನ ಸಂಕಟ ನೆನಪಿರುವ ಅಜ್ಜ, ದೊಡ್ಡಪ್ಪ ಇಲ್ಲಿನ ಬೆಳೆಗಾರರ ಮನೆಗಳಲ್ಲಿ ಇನ್ನೂ ಸಿಗುತ್ತಾರೆ. ದೇಶಗಳನ್ನು ಚೀಟಿ ಎತ್ತಿ ಹಂಚಿದೆವು. ರೋಬಸ್ಟಾ ಬೆಳೆಯುವ ಮನೆಯ ಹುಡುಗನಿಗೆ ಬ್ರೆಜಿಲ್ ಬಂತು. ತನ್ನ ಪಾಲಿನ ಕೋಟಾ ಬಿಟ್ಟುಕೊಡಲು ಒಪ್ಪದೆ ಹಟ ಹಿಡಿದದ್ದು ಬ್ರೆಜಿಲ್ಲೇ. ಪಾಪ, ಮೂರು ವಾರ ಅವನು ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಅಪ್ಪನ ಎದುರು ಬ್ರೆಜಿಲ್ ಪರ ವಾದಿಸಿದನಂತೆ. ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಳೆ ಹಾಳಾದರೆ ಬೆಲೆ ಏರಿ ನಮ್ಮಲ್ಲಿ ಹೊಸ ಜೀಪು ಬರುತ್ತದೆ ಅಂತ ತಮಾಷೆ ಮಾಡುವ ಊರಿನಲ್ಲಿ, ಆ ಹಿಮ ಬಿದ್ದವನ ಕಷ್ಟ ಏನು ಅಂತ ಒಬ್ಬ ಹುಡುಗ ಓದಿಕೊಂಡು ಬಂದ. ಸಭೆಯ ದಿನ ಭಾರತದ ಡೆಲಿಗೇಟ್‌ಗಿಂತ ಅವನಿಗೇ ಭಾರತದ ಸಂಖ್ಯೆಗಳು ಚೆನ್ನಾಗಿ ಬರುತ್ತಿದ್ದವು.

ಹಳೆಯದು ಬೇಡ, ಇವತ್ತಿನದು ಬೇಕು ಅಂದರೆ ಐರೋಪ್ಯ ಒಕ್ಕೂಟದ ಅರಣ್ಯನಾಶ ತಡೆ ಕಾನೂನು ಇದೆ. 2023ರಲ್ಲಿ ಬಂದದ್ದು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ಕಾಫಿ ಮಾತ್ರವಲ್ಲ, ಕೋಕೋ, ರಬ್ಬರ್, ತಾಳೆ, ಸೋಯಾ, ದನ, ಮರಮಟ್ಟೂ ಅದರಲ್ಲಿವೆ. ತೋಟ ಎಲ್ಲಿದೆ ಅಂತ ನಕ್ಷೆಯ ಗುರುತು ಕೊಡಬೇಕು. ನಾಲ್ಕು ಹೆಕ್ಟೇರ್, ಅಂದರೆ ಸುಮಾರು ಹತ್ತು ಎಕರೆಗಿಂತ ದೊಡ್ಡ ತೋಟವಾದರೆ ಸುತ್ತಲಿನ ಗಡಿಯೇ ಬೇಕು, ಚಿಕ್ಕದಕ್ಕೆ ಒಂದು ಬಿಂದು ಸಾಕು. ಜಾರಿಯ ದಿನವನ್ನು ಎರಡು ಸಲ ಮುಂದೂಡಿದ್ದಾರೆ, ಅಂದರೆ ಒತ್ತಡ ಹಾಕಿದವರಿದ್ದಾರೆ. ಇದೇ ತಾನೇ ಡಿಪ್ಲೊಮಸಿ?

ಇಲ್ಲಿ ಭಾರತದ ಕುರ್ಚಿ ಸುಲಭ. ನೆರಳಿನ ಮರದ ಕೆಳಗೆ ಕಾಫಿ ಬೆಳೆಯುವವರು ನಾವು, ನಮ್ಮನ್ನು ಯಾಕೆ ಅನುಮಾನಿಸುತ್ತೀರಿ ಅಂದರೆ ಚಪ್ಪಾಳೆ ಗ್ಯಾರಂಟಿ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆ ಜಮೀನಿನ ಕಾಗದಪತ್ರದ ಗೋಳನ್ನೂ ಸೇರಿಸಬಹುದು. ಚುರುಕಿನ ಮಗುವಿಗೆ ಐರೋಪ್ಯ ಒಕ್ಕೂಟದ ಕುರ್ಚಿ ಕೊಡಿ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿದ್ದನ್ನು ಚಿಕ್ಕವರಿದ್ದಾಗ ಕಂಡ ಮಕ್ಕಳು ಇವರು. ಕಾಡು ಉಳಿಯಬೇಕು ಅನ್ನುವ ಎದುರಾಳಿಯ ಮಾತು ಪೂರ್ತಿ ಎದುರಾಳಿಯದ್ದಲ್ಲ ಅಂತ ಅವರಿಗೆ ಎರಡನೇ ದಿನಕ್ಕೇ ಗೊತ್ತಾಗುತ್ತದೆ. ಅಲ್ಲಿಂದ ಚರ್ಚೆ "ಕಾನೂನು ಬೇಕೋ ಬೇಡವೋ" ಬಿಟ್ಟು "ನಕ್ಷೆಯ ಖರ್ಚು ಯಾರು ಕೊಡಬೇಕು" ಅನ್ನುವಲ್ಲಿಗೆ ಬರುತ್ತದೆ. ಅದು ಬಂದರೆ ಸಭೆ ಗೆದ್ದ ಹಾಗೆ.

ನೀರಿನ ವಿಷಯವೂ ನಮ್ಮ ಮಕ್ಕಳಿಗೆ ಒಗ್ಗುತ್ತದೆ. ಆದರೆ ಕಾವೇರಿಯನ್ನೇ ಹಿಡಿಯಬೇಡಿ. ಅದು ದೇಶದೊಳಗಿನ ಜಗಳ, ಮೇಲಾಗಿ ತಲಕಾವೇರಿಯ ಮಕ್ಕಳನ್ನು ತಮಿಳುನಾಡಿನ ಕುರ್ಚಿಯಲ್ಲಿ ಕೂರಿಸಿದರೆ ಮನೆಯವರು ಶಾಲೆಗೆ ಬರುತ್ತಾರೆ. ಸಿಂಧೂ ಒಪ್ಪಂದ, 1960ರಲ್ಲಿ ವಿಶ್ವ ಬ್ಯಾಂಕ್ ನಡುವೆ ನಿಂತು ಮಾಡಿಸಿದ್ದು, ಪಾಠಕ್ಕೆ ಬಹಳ ಒಳ್ಳೆಯದು. ಪೂರ್ವದ ಮೂರು ನದಿ ನಮಗೆ, ಪಶ್ಚಿಮದ ಮೂರು ಅವರಿಗೆ. ಆದರೆ 2025ರ ಏಪ್ರಿಲ್‌ನಲ್ಲಿ ಭಾರತ ಅದನ್ನು ತಡೆಹಿಡಿದ ಮೇಲೆ ವಿಷಯ ಬಿಸಿಯಾಗಿದೆ, ಚರ್ಚೆ ಘೋಷಣೆಯಾಗಿ ಮುಗಿಯುತ್ತದೆ. ಮೊದಲ ಸಲಕ್ಕೆ ನೈಲ್ ನದಿ ಇಟ್ಟುಕೊಳ್ಳಿ. ಮೇಲೆ ಅಣೆಕಟ್ಟು ಕಟ್ಟಿದ ಇಥಿಯೋಪಿಯಾ, ಕೆಳಗೆ ಈಜಿಪ್ಟ್, ನಡುವೆ ಸುಡಾನ್. ನದಿ ಹುಟ್ಟುವ ಊರಿನ ಮಕ್ಕಳಿಗೆ ಈಜಿಪ್ಟ್ ಕೊಡಿ. ಮೊದಲ ಗಂಟೆಯಲ್ಲಿ ಬಾಯಿ ತಡವರಿಸುತ್ತದೆ. ಅದನ್ನು ನೋಡಲಿಕ್ಕೇ ನಾನು ಹೋಗುತ್ತೇನೆ.

ಹತ್ತೇ ಮಕ್ಕಳು ಸಿಕ್ಕರೆ? ಆಗ 1953ರ ಕೊರಿಯಾ. ಯುದ್ಧ ನಿಂತ ಮೇಲೆ ತಮ್ಮ ದೇಶಕ್ಕೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಕೈದಿಗಳನ್ನು ಏನು ಮಾಡುವುದು ಅಂತ ಐದು ದೇಶಗಳ ಆಯೋಗ ಕೂತಿತ್ತು. ಒಂದು ಬದಿಗೆ ಸ್ವೀಡನ್, ಸ್ವಿಟ್ಜರ್ಲೆಂಡ್. ಇನ್ನೊಂದು ಬದಿಗೆ ಪೋಲೆಂಡ್, ಜೆಕೊಸ್ಲೊವಾಕಿಯಾ. ನಡುವೆ ಅಧ್ಯಕ್ಷ ಸ್ಥಾನದಲ್ಲಿ ಭಾರತ, ಭಾರತದ ಪರವಾಗಿ ಕೂತವರು ಮಡಿಕೇರಿಯಲ್ಲಿ ಹುಟ್ಟಿದ ಸೇನಾಧಿಕಾರಿ ಕೆ.ಎಸ್. ತಿಮ್ಮಯ್ಯನವರು. ಒಂದೊಂದು ದೇಶಕ್ಕೆ ಇಬ್ಬರಂತೆ ಹತ್ತು ಮಕ್ಕಳು ಸರಿಹೋಗುತ್ತದೆ. ಎರಡು-ಎರಡು ಸಮವಾದಾಗ ನಡುವಿನವನ ಮತವೇ ತೀರ್ಮಾನ, ಎರಡೂ ಬದಿಯಿಂದ ಬೈಗುಳವೂ ಅವನಿಗೇ. ಸಭೆಗೆ ಮೊದಲು ಮಕ್ಕಳನ್ನು ಮಡಿಕೇರಿಯ ಸನ್ನಿಸೈಡ್‌ಗೆ ಕರೆದುಕೊಂಡು ಹೋಗಿ. ತಿಮ್ಮಯ್ಯನವರ ಮನೆ 2021ರಿಂದ ವಸ್ತುಸಂಗ್ರಹಾಲಯವಾಗಿದೆ. 1964ರಲ್ಲಿ ಸೈಪ್ರಸ್‌ನ ವಿಶ್ವಸಂಸ್ಥೆಯ ಶಾಂತಿಪಡೆಗೆ ದಂಡನಾಯಕರಾಗಿ ಹೋದ ಅವರು 1965ರ ಡಿಸೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು. ಆ ಪಡೆ ಇವತ್ತಿಗೂ ಅಲ್ಲಿದೆ. ಅದು ಸೋಲೋ ಗೆಲುವೋ ಅಂತ ಬಸ್ಸಿನಲ್ಲಿ ವಾಪಸ್ ಬರುವಾಗ ಕೇಳಿ, ಚರ್ಚೆಗೆ ಬೇರೆ ವಿಷಯ ಬೇಕಾಗಲ್ಲ.

ನಿರಾಶ್ರಿತರ ವಿಷಯ ಹಿಡಿಯುವ ಶಾಲೆಗಳಿಗೆ ಕುಶಾಲನಗರದಾಚೆ ಟಿಬೆಟಿನವರ ನೆಲೆ ಬೈಲಕುಪ್ಪೆ ಇದೆ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ಆದರೂ ಟಿಬೆಟಿನವರಿಗೆ ಜಾಗ ಕೊಟ್ಟಿದೆ. ಈ ಒಂದು ವಿರೋಧಾಭಾಸವೇ ಒಂದು ದಿನದ ಸಭೆಗೆ ಸಾಕು.

ಭಾಷೆ. ಇದೇ ನನಗೆ ದೊಡ್ಡ ವಿಷಯ. ಊರಿನ ಸಭೆಯಲ್ಲಿ ಮಾತು ಕನ್ನಡದಲ್ಲಿ, ಕರಡು ನಿರ್ಣಯ ಮಾತ್ರ ಕನ್ನಡ, ಇಂಗ್ಲಿಷ್ ಎರಡರಲ್ಲೂ ಅಂತ ಇಡುತ್ತೇನೆ. ವಿಶ್ವಸಂಸ್ಥೆಯೇ ಆರು ಅಧಿಕೃತ ಭಾಷೆ ಇಟ್ಟುಕೊಂಡು ದುಭಾಷಿಗಳಿಂದ ನಡೆಯುತ್ತಿರುವಾಗ ನಮಗೇನು ಸಂಕೋಚ? ಇಬ್ಬರು ಮಕ್ಕಳನ್ನು ದುಭಾಷಿಗಳಾಗಿ ಕೂರಿಸಿ. ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ, ಅಂಗಡಿಯಲ್ಲಿ ಕನ್ನಡ, ತೋಟದ ಕೆಲಸಗಾರರ ಲೈನ್‌ಮನೆಯವರ ಜೊತೆ ಮಲಯಾಳವೋ ತಮಿಳೋ, ತರಗತಿಯಲ್ಲಿ ಇಂಗ್ಲಿಷ್ ಅಂತ ದಿನಕ್ಕೆ ನಾಲ್ಕು ಸಲ ಭಾಷೆ ಬದಲಿಸುವ ಮಕ್ಕಳಿಗೆ ಇದು ಹೊಸ ಕೆಲಸವೇನಲ್ಲ. ಅದೊಂದು ವಿದ್ಯೆ ಅಂತ ಅವರಿಗೆ ಯಾರೂ ಹೇಳಿಲ್ಲ ಅಷ್ಟೇ.

ಕೊರತೆಗಳನ್ನೂ ಹೇಳಿಬಿಡುತ್ತೇನೆ. ಎಲ್ಲರೂ ಪರಿಚಯದವರಾದ್ದರಿಂದ ಸಂಧಾನ ಬೇಗ ಮುಗಿದುಹೋಗುತ್ತದೆ. "ಏ, ಸಹಿ ಹಾಕೋ ಮಾರಾಯ" ಅಂದರೆ ಹಾಕಿಬಿಡುತ್ತಾರೆ. ಟೀಚರೇ ಚೇರ್ ಆದರೆ ಯಾರೂ ಬಾಯಿ ಬಿಡಲ್ಲ. ಇದಕ್ಕೆ ಮದ್ದು ಎರಡು ಮೂರು ಶಾಲೆ ಸೇರಿಸುವುದು. ಒಂದು ಸರ್ಕಾರಿ, ಒಂದು ಖಾಸಗಿ, ಸಾಧ್ಯವಾದರೆ ಬೇರೆ ತಾಲ್ಲೂಕಿನದು. ಚೇರ್ ಸ್ಥಾನದಲ್ಲಿ ಡಿಗ್ರಿ ಓದುವ ಹಳೆಯ ವಿದ್ಯಾರ್ಥಿ ಕೂರಲಿ, ಟೀಚರ್ ಹಿಂದಿನ ಬೆಂಚಿನಲ್ಲಿ. ಕರಡಿಗೆ ಎರಡೂ ಬದಿಯ ದೇಶಗಳ ಸಹಿ ಇಲ್ಲದೆ ಮತಕ್ಕೆ ಹಾಕುವುದಿಲ್ಲ ಅನ್ನುವ ನಿಯಮವನ್ನು ಮೊದಲೇ ಓದಿ ಹೇಳಿ. ಬಹುಮಾನ ಇಡಬೇಡಿ. ಇಟ್ಟರೆ ಮಕ್ಕಳು ಚೇರ್ ಕಡೆ ನೋಡಿ ಮಾತಾಡುತ್ತಾರೆ, ಎದುರಿನ ದೇಶದ ಕಡೆ ನೋಡುವುದಿಲ್ಲ.

ಹಾಗಾದರೆ ನಿಮ್ಮ ಮಗುವಿಗೆ?

ಹೈಸ್ಕೂಲಿನ, ಮಾತಾಡಲು ಹೆದರುವ ಮಗುವಾದರೆ ಚರ್ಚಾಸ್ಪರ್ಧೆ, ಜೊತೆಗೆ ಯುವ ಸಂಸತ್ತು. ಓದು ಚೆನ್ನಾಗಿದ್ದು ಇಂಗ್ಲಿಷ್ ಮಾತು ಹಿಂದಿರುವ ಪಿಯು ಮಗುವಿಗೆ ಊರಿನ ಸಭೆ, ಒಂದಲ್ಲ, ಎರಡು ಸಲ. ಅದಾದ ಮೇಲೆ ಮೈಸೂರಿನ ಸಣ್ಣ ಎಂಯುಎನ್. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಒಂದೇ ದಿನದ್ದಾದರೆ ಬೆಳಗ್ಗೆ ಹೊರಟು ಸಂಜೆ ತಡವಾಗಿಯಾದರೂ ಮನೆ ಸೇರಬಹುದು. ಇಂಗ್ಲಿಷ್ ಮಾಧ್ಯಮದ, ಮೈಕ್ ಕಂಡರೆ ಬಿಡದ ಮಗುವನ್ನು ನೇರವಾಗಿ ಬೆಂಗಳೂರಿಗೆ ಕಳಿಸಬಹುದು. ಆದರೆ ಅಂಥ ಮಗುವಿಗೂ ಒಂದು ಸಲ ದುಭಾಷಿಯ ಕುರ್ಚಿ ಕೊಟ್ಟು ನೋಡಿ. ಇನ್ನೊಬ್ಬರ ಮಾತನ್ನು ಕೂಡಿಸದೆ ಕಳೆಯದೆ ಹೇಳುವುದು ಮಾತುಗಾರರಿಗೆ ಬಲು ಕಷ್ಟ.

ಆನ್‌ಲೈನ್ ಎಂಯುಎನ್ ಬಗ್ಗೆ ಕೇಳುತ್ತಾರೆ. ಕುರ್ಚಿ ಬಿಟ್ಟು ಎದ್ದು ನಿಲ್ಲುವ ಆ ಅರ್ಧ ಗಂಟೆ ಅದರಲ್ಲಿ ಇರುವುದಿಲ್ಲ. ಮಳೆಗಾಲದಲ್ಲಿ ನಮ್ಮ ನೆಟ್‌ವರ್ಕ್ ಹೇಗಿರುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ದಿನ ಯಾವುದು ಅನ್ನುವುದು ಕೊನೆಯ ಪ್ರಶ್ನೆ, ಕೊಡಗಿನಲ್ಲಿ ಅದೇ ಮೊದಲ ಪ್ರಶ್ನೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ರಜೆ ಯಾವಾಗ ಘೋಷಣೆಯಾಗುತ್ತದೋ ಗೊತ್ತಿಲ್ಲ. ಸೆಪ್ಟೆಂಬರ್ ಮೊದಲ ವಾರ ಕೈಲ್ ಪೊಳ್ದ್ ಹಬ್ಬ, ಆಮೇಲೆ ಮಡಿಕೇರಿ ದಸರಾ, ಅಕ್ಟೋಬರ್ ಮಧ್ಯದಲ್ಲಿ ತಲಕಾವೇರಿಯ ತೀರ್ಥೋದ್ಭವ. ಪುತ್ತರಿ ಹಬ್ಬ ಮುಗಿಯುವ ಹೊತ್ತಿಗೆ ಕಾಫಿ ಕೊಯ್ಲು, ತೋಟದ ಮನೆಗಳಲ್ಲಿ ಯಾರಿಗೂ ಪುರುಸೊತ್ತಿಲ್ಲ. ಮಾರ್ಚ್ ಪರೀಕ್ಷೆ. ನಾನು ಕಂಡುಕೊಂಡ ಸಂದು ಅಕ್ಟೋಬರ್ ಕೊನೆಯ ವಾರ. 24ನೇ ತಾರೀಕು ವಿಶ್ವಸಂಸ್ಥೆಯ ದಿನವೂ ಆಯಿತು, ಪ್ರಿನ್ಸಿಪಾಲರ ಅನುಮತಿಗೆ ಒಂದು ನೆಪವೂ ಸಿಕ್ಕಿತು. ಚೀಟಿ ಎತ್ತುವುದನ್ನು ತಿಂಗಳ ಮೊದಲ ವಾರದಲ್ಲೇ ಮುಗಿಸಿ.

ರಜೆ ಇದೆಯಲ್ಲ, ಏಪ್ರಿಲ್-ಮೇನಲ್ಲಿ ಇಡೋಣ ಅಂತ ಹೊರಗಿನಿಂದ ಬಂದ ಟೀಚರ್‌ಗಳು ಹೇಳುತ್ತಾರೆ. ಬೇಡ. ಕೊಡವ ಮನೆತನಗಳ ಕೌಟುಂಬಿಕ ಹಾಕಿ ಪಂದ್ಯಾವಳಿ ನಡೆಯುತ್ತಿರುತ್ತದೆ. ಬ್ರೆಜಿಲ್ಲೂ ಬರಲ್ಲ, ಇಥಿಯೋಪಿಯಾನೂ ಬರಲ್ಲ.